ಒಂದೆಲಗ, ಬ್ರಾಹ್ಮಿ: ಎರಡು ಹೆಸರು, ಎಷ್ಟು ಗಿಡ?

ಸೊಪ್ಪಿನ ಮಡಿಯಲ್ಲಿ, ಕೊತ್ತಂಬರಿ ಸಾಲಿನ ಪಕ್ಕ, ನಾನು ಬಿತ್ತದ ಗಿಡವೊಂದು ಹಬ್ಬಿದೆ. ನೆಲಕ್ಕೆ ಅಂಟಿಕೊಂಡು ಹೋಗುವ ತೆಳು ಬಳ್ಳಿ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿದೆ. ಎಲೆ ದುಂಡಗಿದೆ, ಅಂಚು ಅಲೆಅಲೆಯಾಗಿದೆ, ತೊಟ್ಟು ಸೇರುವ ಕಡೆ ಮಾತ್ರ ಒಳಕ್ಕೆ ಸೀಳಿದ ಹಾಗಿದೆ.

ಅಮ್ಮ ನೋಡಿದ ತಕ್ಷಣ "ಒಂದೆಲಗ" ಅಂದರು. ಪಕ್ಕದ ಮನೆಯವರು "ಬ್ರಾಹ್ಮಿ" ಅಂದರು. ಒಂದೇ ಗಿಡಕ್ಕೆ ಎರಡು ಹೆಸರು ಅಂತ ಸುಮ್ನೆ ಇರಬಹುದಿತ್ತು. ಆದರೆ ಗೆಳತಿಯೊಬ್ಬಳು ಬ್ರಾಹ್ಮಿ ಅಂತ ಕುಂಡದಲ್ಲಿ ಬೆಳೆಸಿರುವುದು ಬೇರೆಯೇ ಗಿಡ. ಅದರ ಎಲೆ ಚಿಕ್ಕದು, ದಪ್ಪ, ತುದಿಯಲ್ಲಿ ಅಗಲ. ತೊಟ್ಟೇ ಇಲ್ಲದೆ ಕಾಂಡದ ಎರಡೂ ಬದಿಗೆ ಜೋಡಿಜೋಡಿಯಾಗಿ ಕೂತಿರುತ್ತದೆ. ಹೂವು ಬೆಳ್ಳಗೆ, ಒಮ್ಮೊಮ್ಮೆ ತಿಳಿ ನೇರಳೆ.

ಹುಡುಕಿ ಓದಿದಾಗ ವಿಷಯ ಬಿಡಿಸಿಕೊಂಡಿತು. ನನ್ನ ಮಡಿಯಲ್ಲಿರುವುದು ಒಂದೆಲಗ, ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಗೆಳತಿಯ ಕುಂಡದ್ದು ಬಕೋಪಾ ಮೊನಿಯೇರಿ, ಅಂದರೆ ನೀರುಬ್ರಾಹ್ಮಿ. ಇವೆರಡೂ ಒಂದೇ ಕುಟುಂಬದವೂ ಅಲ್ಲ. ಮೊದಲನೆಯದು ಕೊತ್ತಂಬರಿ, ಕ್ಯಾರೆಟ್ಟುಗಳ ಬಳಗ! ಸಂಸ್ಕೃತದಲ್ಲಿ ಇದಕ್ಕೆ ಮಂಡೂಕಪರ್ಣಿ ಅಂತ ಬೇರೆ ಹೆಸರೇ ಇದೆ. ಆದರೂ ಆಡುಮಾತಿನಲ್ಲಿ ಎರಡಕ್ಕೂ ಬ್ರಾಹ್ಮಿ ಅನ್ನುವವರು ಜಾಸ್ತಿ. ಸಸ್ಯಶಾಸ್ತ್ರದವರ ಹೆಸರೂ ಒಂದೇ ಕಡೆ ನಿಂತಿಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಒಂದೆಲಗವನ್ನು ಹೈಡ್ರೋಕೋಟೈಲ್ ಎಂಬ ಗುಂಪಿಗೆ ಸೇರಿಸಿದ್ದ. 1879ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಅರ್ಬನ್ ಅದನ್ನು ಸೆಂಟೆಲ್ಲಾ ಗುಂಪಿಗೆ ತಂದ. ಹೈಡ್ರೋಕೋಟೈಲ್ ಗುಂಪಿನ ಕೆಲವು ಗಿಡಗಳು ದೂರದಿಂದ ಇದೇ ಥರ ಕಾಣುತ್ತವೆ. ಅವುಗಳಲ್ಲಿ ಹಲವಕ್ಕೆ ತೊಟ್ಟು ಎಲೆಯ ನಟ್ಟನಡುವೆ, ಕೊಡೆಯ ಕೋಲಿನಂತೆ ಅಂಟಿರುತ್ತದೆ. ಅಂಥವು ಎಲೆ ತಿರುಗಿಸಿ ನೋಡಿದರೆ ಗೊತ್ತಾಗುತ್ತವೆ. ಹೀಗೆ ನೋಡದೆ, ಬರೀ ಹೆಸರು ನಂಬಿ ಯಾವ ಸೊಪ್ಪನ್ನೂ ಬಾಯಿಗೆ ಹಾಕಬೇಡಿ.

ಈಗ ನನ್ನ ಪ್ರಶ್ನೆ. "ಒಂದೆಲಗ" ಅನ್ನುವ ಪದ ಹೇಗೆ ಬಂತು? ಒಂದು, ಎಲೆ ಎರಡೂ ಅದರಲ್ಲಿ ಕಾಣುತ್ತವೆ. ಆದರೆ ಒಂದು ಗೆಣ್ಣಿನಿಂದ ನಾಲ್ಕೈದು ಎಲೆ ಎದ್ದಿರುತ್ತವಲ್ಲ, ಒಂದು ಎಲೆ ಎಲ್ಲಿ ಬಂತು ಅಂತ ಮೊದಲು ಅನಿಸಿತ್ತು. ಗಿಡದ ಮುಂದೆ ಕೂತು ನೋಡಿದಾಗ ಒಂದು ಹೊಳೆಯಿತು. ಪ್ರತಿ ತೊಟ್ಟೂ ನೇರ ನೆಲದಿಂದಲೇ ಏಳುತ್ತದೆ, ಎಲ್ಲೂ ಕವಲೊಡೆಯುವುದಿಲ್ಲ, ತುದಿಯಲ್ಲಿ ಒಂದೇ ಎಲೆ. ಹೆಸರಿಟ್ಟವರು ನೋಡಿದ್ದು ಇದನ್ನೇ ಇರಬೇಕು ಅಂತ ನನ್ನ ಊಹೆ. ಹಾಗಾದರೆ ಕೊನೆಯ "ಗ" ಯಾವುದು? ಕನ್ನಡಿಗ, ಗಾಣಿಗ ಪದಗಳಲ್ಲಿ ಇರುವುದೇ ಇಲ್ಲೂ ಬಂದಿದೆಯೇ, "ಒಂದು ಎಲೆ ಉಳ್ಳದ್ದು" ಅನ್ನುವ ಅರ್ಥದಲ್ಲಿ? ಅದು ಜನರಿಗೆ ಹತ್ತುವ ಪ್ರತ್ಯಯ ಅಲ್ವಾ, ಗಿಡಕ್ಕೂ ಹತ್ತುತ್ತದೆಯೇ? ಇದೇ ಥರ "ಗ" ಹಚ್ಚಿದ ಬೇರೆ ಗಿಡದ ಹೆಸರು ನನಗೆ ನೆನಪಾಗುತ್ತಿಲ್ಲ.

ಇನ್ನೊಂದು. ತುಳುವಿನಲ್ಲಿ ಇದಕ್ಕೆ ತಿಮರೆ, ತಮಿಳಿನಲ್ಲಿ ವಲ್ಲಾರೈ. ಎರಡರಲ್ಲೂ ನನಗೆ ಒಂದು, ಎಲೆ ಕೇಳಿಸುವುದಿಲ್ಲ. ತಿಮರೆಯ ಮೂಲ ಬಲ್ಲವರು ದಯವಿಟ್ಟು ತಿಳಿಸಿ. ಬ್ರಾಹ್ಮಿ ಅಂದಾಗ ನಿಮ್ಮ ಕಣ್ಣಿಗೆ ಬರುವುದು ದುಂಡು ಎಲೆಯೋ, ಜೋಡಿ ಎಲೆಯೋ? ಹೆಸರಿನ ಜೊತೆ ಎಲೆಯ ಆಕಾರವನ್ನೂ ಬರೆಯಿರಿ.