ಕನ್ನಡ ಆರ್‌ಪಿಜಿ: ಅಚ್ಚು ಹಾಕಿಸಲಾ, ಪಿಡಿಎಫ್ ಸಾಕಾ? ಅನುಭವ ಹೇಳಿ

ದಾಳದ ಹುಡುಗ, ಕಲಬುರಗಿ: 1470ರ ಬೀದರ್ ಮೇಲೆ ಒಂದು ಟೇಬಲ್‌ಟಾಪ್ ಆರ್‌ಪಿಜಿ ಬರೆದಿದ್ದೇನೆ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದು ಪಾತ್ರವಾಗಿ ಆಡುವ ಕಥೆಯಾಟದ ಪುಸ್ತಕ. ಪೂರ್ತಿ ಕನ್ನಡ, 96 ಪುಟ. ಮುಖಪುಟಕ್ಕೆ ಅಲ್ಲಿನ ಗವಾನ್ ಮದರಸಾದ ಮಿನಾರು. ಕೈಯಲ್ಲಿ 25,000 ಇದೆ. ಅಚ್ಚು ಹಾಕಿಸಲಾ, ಪಿಡಿಎಫ್ ಮಾರಲಾ? ಮಾಡಿ ನೋಡಿದವರು ಹೇಳಿ.

ಶಹಾಬಾದಿ ಕಲ್ಲು, ಕಲಬುರಗಿ: ನಾನು ಅಚ್ಚು ಹಾಕಿಸಿದೆ. ನೂರು ಪ್ರತಿ ಸಾಕು ಅಂದೆ. ನೂರಕ್ಕೂ ಮುನ್ನೂರಕ್ಕೂ ಪ್ಲೇಟಿನ ಖರ್ಚು ಒಂದೇ ಅಂದರು ಪ್ರೆಸ್‌ನವರು. ಸರಿ, 300 ಹಾಕಿಸಿದೆ. ಪ್ಲೇಟ್, ಪೇಪರ್, ಬೈಂಡಿಂಗ್ ಸೇರಿ 23,400. ಪ್ರತಿಗೆ 78 ಬಿತ್ತು. ಮೇ ತಿಂಗಳು. ಬಂಡಲ್‌ಗಳು ಗೂಡ್ಸ್ ಆಟೋದಲ್ಲಿ ಒಂದು ಮಧ್ಯಾಹ್ನ ಬಿಸಿಲಿಗೆ ನಿಂತವು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಬೆನ್ನಿನ ಅಂಟು ಮೆತ್ತಗಾಯಿತು. ಮನೆಗೆ ತಂದು ಒಂದು ಬಿಚ್ಚಿದರೆ 17ನೇ ಪುಟದ ಹಾಳೆ ಕೈಗೆ ಬಂತು, ಹಿಂದೆಯೇ ಇನ್ನೆರಡು. 40 ಪ್ರತಿ ಹೀಗೆ ಹೋದವು. 180ರಂತೆ 131 ಮಾರಿದೆ. ಅದರಲ್ಲಿ 90 ಅಂಚೆಗೆ, ಕವರ್ ಸೇರಿ ತಲಾ 62 ನಾನೇ ಹಾಕಿದೆ. ಒಟ್ಟು 5,400 ಕೈಬಿಟ್ಟಿತು. ಉಳಿದ 129 ಮಂಚದ ಕೆಳಗಿವೆ, ವಾರಕ್ಕೊಮ್ಮೆ ಎಳೆದು ಗೆದ್ದಲು ನೋಡುತ್ತೇನೆ. ಆದರೂ ಮುಂದಿನದಕ್ಕೂ ಅಚ್ಚೇ. ಆಡುವಾಗ ಪುಸ್ತಕ ನಾಲ್ಕು ಜನರ ನಡುವೆ ಕೈಯಿಂದ ಕೈಗೆ ಹೋಗಬೇಕು.

ಬಿದ್ರಿ ಬೆಳ್ಳಿ, ಬೀದರ್: ನಾನು ಪಿಡಿಎಫ್. ಮೊದಲು ಇಂಗ್ಲಿಷ್ ಆಟ, ಡ್ರೈವ್‌ಥ್ರೂಆರ್‌ಪಿಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ 5 ಡಾಲರ್‌ಗೆ ಇಟ್ಟೆ. ಅಲ್ಲಿ ಮಾತ್ರ ಮಾರಿದರೆ ನಮಗೆ 70%, ಬೇರೆ ಕಡೆಯೂ ಇಟ್ಟರೆ 65%. ನಾನು 65 ಒಪ್ಪಿದೆ. ಎರಡು ವರ್ಷಕ್ಕೆ 212 ಹೋದವು, 689 ಡಾಲರ್. ತಪ್ಪು ಕಂಡರೆ ರಾತ್ರಿಯೇ ತಿದ್ದಿ ಹಾಕುತ್ತೇನೆ, ಹಿಂದೆ ಕೊಂಡವರಿಗೂ ಹೊಸದೇ ಸಿಗುತ್ತದೆ. ಆಮೇಲೆ ಅದನ್ನೇ ಕನ್ನಡ ಮಾಡಿ ಯುಪಿಐನಲ್ಲಿ 99ಕ್ಕೆ ಮಾರಿದೆ. 37 ಹೋದವು. ಹತ್ತನೇ ದಿನ ಟೆಲಿಗ್ರಾಂ ಗುಂಪಿನಲ್ಲಿ ನನ್ನದೇ ಫೈಲು! ಕೊಂಡವರ ಹೆಸರು ಪ್ರತಿ ಪುಟದ ಮೂಲೆಯಲ್ಲಿ ಹಾಕಿದ್ದೆ. ಕೂತು ಎಲ್ಲಾ ಅಳಿಸಿದ್ದರು. ಅಳುವೇ ಬಂತು.

ಶಹಾಬಾದಿ ಕಲ್ಲು: ಅದಕ್ಕೇ ಅಕ್ಕಾ. ನಮ್ಮವರಿಗೆ ಪಿಡಿಎಫ್ ಅಂದರೆ ಪುಕ್ಕಟೆ.

ಬಿದ್ರಿ ಬೆಳ್ಳಿ: ಹೆದರಿ ಬಾಗಿಲು ಹಾಕಿದರೆ ಕಳ್ಳತನ ನಿಲ್ಲುತ್ತಾ ಅಣ್ಣಾ? 2009ರಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಡಿ ಆಂಡ್ ಡಿ) ಆರ್‌ಪಿಜಿಯ ಕಂಪನಿ ವಿಜರ್ಡ್ಸ್ ಆಫ್ ದ ಕೋಸ್ಟ್ ಇದೇ ಕಾರಣಕ್ಕೆ ತನ್ನ ಪಿಡಿಎಫ್ ಮಾರಾಟವನ್ನೇ ನಿಲ್ಲಿಸಿತು. 2013ಕ್ಕೆ ಹಳೆಯ ಡಿ ಆಂಡ್ ಡಿ ಪುಸ್ತಕಗಳನ್ನು ಮತ್ತೆ ಪಿಡಿಎಫ್ ಮಾಡಿ ತಾನೇ ಮಾರಲು ಬಂತು. ನಡುವಿನ ವರ್ಷಗಳಲ್ಲಿ ದುಡ್ಡು ಕೊಡಲು ತಯಾರಿದ್ದವರು ಎಲ್ಲಿಗೆ ಹೋಗಬೇಕಿತ್ತು?

ಶಹಾಬಾದಿ ಕಲ್ಲು: ಅವರ ಮಾತು ಬಿಡಿ, ಅವರು ತಡೆದುಕೊಳ್ಳುತ್ತಾರೆ. ನಿಮ್ಮ 212 ಇಂಗ್ಲಿಷಿನವರು. ಕನ್ನಡದಲ್ಲಿ ನಿಮ್ಮದು 37, ನನ್ನದು 131.

ಬಿದ್ರಿ ಬೆಳ್ಳಿ: ನನಗೆ ನಷ್ಟ ಆಗಿಲ್ಲ. ನಿಮಗೆ ಆಗಿದೆ.

ಭೀಮಾ ದಂಡೆ, ಯಾದಗಿರಿ: ಫೈಲಿನ ಗೋಳು ಇಬ್ಬರೂ ಹೇಳಲೇ ಇಲ್ಲ. ನಾನು ಯೂನಿಕೋಡ್‌ನಲ್ಲಿ ಬರೆದೆ. ಪ್ರೆಸ್‌ನಲ್ಲಿ ಪುಟ ಜೋಡಿಸುವುದು ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್ ಅಲ್ಲದ ನುಡಿ ಫಾಂಟೇ ಬೇಕು ಅಂದರು. ಬದಲಾಯಿಸಿದರೆ ಅರ್ಕಾವತ್ತು ಕೆಟ್ಟವು, ಕೋಷ್ಟಕ ಕಲಸಿಹೋದವು. 11 ರಾತ್ರಿ ಪ್ರೂಫ್ ನೋಡಿದೆ. ಆ ನುಡಿ ಫೈಲನ್ನೇ ಪಿಡಿಎಫ್ ಮಾಡಿ ಮಾರಿದ್ದು ದೊಡ್ಡ ತಪ್ಪು. ಆಟದ ನಡುವೆ ‘ವಿಷ’ ಅಂತ ಹುಡುಕಿದರೆ ಏನೂ ಸಿಗದು. ಜನ ಝೆರಾಕ್ಸ್ ಅಂಗಡಿಗೆ ಹೋದರು. 96 ಪುಟ, ಹಾಳೆಯ ಒಂದು ಬದಿಗೆ ಎರಡು ಪುಟದಂತೆ 48 ರೂಪಾಯಿ, ಸ್ಪೈರಲ್ 40. ಪಿಡಿಎಫ್‌ನ 100 ಸೇರಿ 188. ನನ್ನ ಅಚ್ಚಿನ ಪುಸ್ತಕ 175! ಈಗ ನಾನೇ ಹತ್ತು ಹತ್ತು ಸ್ಪೈರಲ್ ಮಾಡಿಸಿ ಮಾರುತ್ತೇನೆ. ಮೇಜಿನ ಮೇಲೆ ಅಗಲಕ್ಕೆ ಮಲಗುತ್ತದೆ, ಅಂಟಿನ ಭಯ ಇಲ್ಲ.

ಶಹಾಬಾದಿ ಕಲ್ಲು: ಸ್ಪೈರಲ್ ಪುಸ್ತಕ ಅಲ್ಲರೀ. ಅದು ಕಾಲೇಜಿನ ನೋಟ್ಸ್.

ಭೀಮಾ ದಂಡೆ: ನನ್ನ ನೋಟ್ಸ್ ಯಾರ ಮಂಚದ ಕೆಳಗೂ ಬಿದ್ದಿಲ್ಲ.

ಬಿದ್ರಿ ಬೆಳ್ಳಿ: ತಮ್ಮಾ, ಒಂದು ಮಾತು. 1470 ಅಂದಿದ್ದೀರಿ, ಮುಖಪುಟಕ್ಕೆ ಮದರಸಾ ಹಾಕಿದ್ದೀರಿ. ಅದು ಕಟ್ಟಿ ಮುಗಿದದ್ದು 1472ಕ್ಕೆ. ನಾವು ದಿನಾ ನೋಡುವ ಮಿನಾರು ಅದು, ಬೀದರ್‌ನವರು ಬಿಡುವುದಿಲ್ಲ.

ದಾಳದ ಹುಡುಗ: ಅಯ್ಯೋ, ಹೌದಾ ಅಕ್ಕಾ? ಆಟವನ್ನೇ 1475ಕ್ಕೆ ತರುತ್ತೇನೆ. ಇನ್ನೂ ಪ್ರೆಸ್‌ಗೆ ಕೊಟ್ಟಿಲ್ಲ, ಬಚಾವಾದೆ.

ಬಿದ್ರಿ ಬೆಳ್ಳಿ: ಪಿಡಿಎಫ್ ಆದರೆ ಕೊಟ್ಟ ಮೇಲೂ ತಿದ್ದಬಹುದು. ನಾನು ಹೇಳಿದ್ದು ಇದನ್ನೇ.

ಶಹಾಬಾದಿ ಕಲ್ಲು: ಪ್ರೂಫ್ ಸರಿ ನೋಡಿದರೆ ತಿದ್ದುವ ಪ್ರಶ್ನೆಯೇ ಬರಲ್ಲ. ತಮ್ಮಾ, ಭಾನುವಾರ ಸೂಪರ್ ಮಾರ್ಕೆಟ್ ಹತ್ತಿರ ಬನ್ನಿ. ಒಂದು ಒಳ್ಳೆಯ ಪ್ರತಿ, ಒಂದು ಅಂಟು ಬಿಟ್ಟಿದ್ದು, ಎರಡೂ ತರುತ್ತೇನೆ. ಬೆನ್ನು ಹಿಡಿದು ಹಾಳೆ ಎಳೆದು ನೋಡಿ. ಹೊಲಿದು ಬೈಂಡ್ ಮಾಡಿದರೆ ಎಷ್ಟಾಗುತ್ತದೆ ಅಂತ ಆಮೇಲೆ ಪ್ರೆಸ್‌ನಲ್ಲಿ ಕೇಳಿ.