ಪದಚರ್ಚೆ: ಕಪಾಲನರಗಳಲ್ಲಿ ‘ನಾಲಿಗೆಯ ನರ’ ಯಾವುದು?

ಪ್ರಶ್ನೆ: ಹನ್ನೆರಡು ಜೊತೆ ಕಪಾಲನರಗಳ (ಮಿದುಳಿನಿಂದ ಹೊರಟು ತಲೆಬುರುಡೆಯ ಕಂಡಿಗಳ ಮೂಲಕ ಹೊರಬೀಳುವ ನರಗಳ) ಪಾಠವನ್ನು ಕನ್ನಡದಲ್ಲಿ ಬರೆಯುವಾಗ ಮೂರು ಕಡೆ ತೊಡಕಾಗಿದೆ. ಒಂಬತ್ತನೆಯದಕ್ಕೆ ‘ಜಿಹ್ವಾಗ್ರಸನಿ ನರ’ ಎನ್ನಬಹುದೇ? ಹನ್ನೆರಡನೆಯದಕ್ಕೆ ಸರಳವಾಗಿ ‘ನಾಲಿಗೆಯ ನರ’ ಎಂದರೆ ಸಾಲದೇ? ಸುದ್ದಿ ಒಳಗೊಯ್ಯುವ ಮತ್ತು ಆಜ್ಞೆ ಹೊರತರುವ ನರಗಳಿಗೆ ‘ಜ್ಞಾನವಾಹಿ–ಕ್ರಿಯಾವಾಹಿ’, ‘ಸಂವೇದನಾ–ಚಾಲಕ’ ಈ ಜೋಡಿಗಳಲ್ಲಿ ಯಾವುದು ಮೇಲು?

ಉತ್ತರ: ‘ನಾಲಿಗೆಯ ನರ’ ಖಂಡಿತ ಬೇಡ. ಒಂದೇ ನಾಲಿಗೆಯಲ್ಲಿ ಐದು ಕಪಾಲನರಗಳ ಪಾಲಿದೆ. ಮುಂದಿನ ಮೂರನೇ ಎರಡು ಭಾಗದಲ್ಲಿ ಮುಟ್ಟಿದ್ದು, ನೋವು, ಬಿಸಿ ತಿಳಿಯುವುದು ಐದನೆಯ ನರದ ಕೆಳಗಿನ ಕವಲಿನಿಂದ. ಅದೇ ಜಾಗದ ರುಚಿ ಏಳನೆಯದರಿಂದ. ಹಿಂದಿನ ಮೂರನೇ ಒಂದು ಭಾಗದ ಸ್ಪರ್ಶ, ರುಚಿ ಎರಡೂ ಒಂಬತ್ತನೆಯದಕ್ಕೆ ಸೇರಿದವು. ತೀರ ಬುಡದಲ್ಲಿ ಹತ್ತನೆಯದಕ್ಕೂ ಸ್ವಲ್ಪ ಪಾಲುಂಟು. ಹನ್ನೆರಡನೆಯದು ನಾಲಿಗೆಯನ್ನು ಆಡಿಸುತ್ತದೆ, ರುಚಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೂ ದೊಡ್ಡ ತೊಂದರೆಯೆಂದರೆ, ಐದನೆಯದರ ಆ ಕವಲಿನಿಂದ ನಾಲಿಗೆಗೆ ಬರುವ ಟಿಸಿಲಿಗೆ ಈಗಾಗಲೇ ‘ಲಿಂಗ್ವಲ್’ ಎಂಬ ಹೆಸರಿದೆ. ಅದರ ಅರ್ಥವೇ ನಾಲಿಗೆಯದು ಎಂದು. ಕೆಳದವಡೆಯ ಬುದ್ಧಿಹಲ್ಲು ಕೀಳುವಾಗ ಪೆಟ್ಟು ಬೀಳುವ ಭಯವಿರುವುದು ಇದಕ್ಕೆ. ಏಳನೆಯದರ ರುಚಿಯ ಎಳೆಗಳೂ ಇದರ ಜೊತೆಯಲ್ಲೇ ಸಾಗುವುದರಿಂದ, ಪೆಟ್ಟಾದರೆ ಆ ಬದಿಯ ಮುಂಭಾಗ ಜೋಮು ಹಿಡಿದು ರುಚಿಯೂ ಹೋಗಬಹುದು, ಆದರೆ ನಾಲಿಗೆ ಚೆನ್ನಾಗಿಯೇ ಆಡುತ್ತದೆ. ಹನ್ನೆರಡನೆಯದು ಕೆಟ್ಟರೆ ಇದರ ತದ್ವಿರುದ್ಧ: ರುಚಿ, ಸ್ಪರ್ಶ ಸರಿಯಿರುತ್ತವೆ, ಚಾಚಿದ ನಾಲಿಗೆ ಮಾತ್ರ ಕೆಟ್ಟ ಬದಿಗೇ ವಾಲುತ್ತದೆ. ಒಳ್ಳೆಯ ಬದಿಯ ಸ್ನಾಯು ಅದನ್ನು ಅತ್ತ ತಳ್ಳುವುದೇ ಕಾರಣ. ಹನ್ನೆರಡನೆಯದಕ್ಕೆ ‘ನಾಲಿಗೆಯಡಿ ನರ’ ಎನ್ನಿ. ‘ಹೈಪೊಗ್ಲಾಸಲ್’ ಎಂಬ ಗ್ರೀಕ್ ಮೂಲದ ಮಾತಿನ ಅರ್ಥವೂ ಅದೇ.

‘ಜಿಹ್ವಾಗ್ರಸನಿ’ ಜಿಹ್ವಾ (ನಾಲಿಗೆ) ಮತ್ತು ಗ್ರಸನಿ (ಗಂಟಲು) ಸೇರಿ ಆದದ್ದು, ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕನ್ನಡ ಓದುಗರ ಕಣ್ಣು ಅದನ್ನು ‘ಜಿಹ್ವಾಗ್ರ’ ಎಂದೇ ಒಡೆಯುತ್ತದೆ, ಅಂದರೆ ನಾಲಿಗೆಯ ತುದಿ. ಈ ನರ ಮುಟ್ಟದಿರುವ ಜಾಗವೇ ತುದಿ! ‘ನಾಲಿಗೆ–ಗಂಟಲ ನರ’ ಎಂದು ಬಿಡಿಸಿ ಬರೆದರೆ ಈ ಎಡವಟ್ಟು ಇರುವುದಿಲ್ಲ.

ಏಳನೆಯದರ ‘ಮುಖನರ’ ರೂಢಿಗೆ ಬಂದಿದೆ, ಇರಲಿ. ಆದರೆ ಅದು ಮುಖದ ಸ್ನಾಯುಗಳನ್ನು ಕುಣಿಸುವ ನರ, ಮುಖದ ಚರ್ಮದ ಸ್ಪರ್ಶ ಐದನೆಯದರ ಕೆಲಸ ಎಂದು ಅಲ್ಲೇ ಒಂದು ಸಾಲು ಸೇರಿಸಲೇಬೇಕು. ಹತ್ತಿಯಿಂದ ಹಣೆ, ಕೆನ್ನೆ, ಗಲ್ಲ ಮುಟ್ಟಿ ನೋಡುವುದು ಐದನೆಯದರ ಪರೀಕ್ಷೆ. ಕಣ್ಣು ಬಿಗಿಯಾಗಿ ಮುಚ್ಚಿಸಿ, ಹಲ್ಲು ಕಿರಿಸಿ ನೋಡುವುದು ಏಳನೆಯದರದು.

ಜೋಡಿಪದಗಳಲ್ಲಿ ನನ್ನ ಒಲವು ‘ವಾಹಿ’ಯ ಕಡೆ. ಜ್ಞಾನೇಂದ್ರಿಯ, ಕರ್ಮೇಂದ್ರಿಯ ಬಲ್ಲವರಿಗೆ ಅದು ಹೊಸದಲ್ಲ. ಸುದ್ದಿ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನೂ ಹೇಳುತ್ತದೆ. ಹತ್ತಿಯ ಎಳೆಯಿಂದ ಕಣ್ಣಿನ ಕಾರ್ನಿಯಾ (ಮುಂಭಾಗದ ಪಾರದರ್ಶಕ ಪೊರೆ) ಮುಟ್ಟಿದರೆ ಸುದ್ದಿ ಒಳಹೋಗುವುದು ಐದನೆಯದರಲ್ಲಿ, ಎರಡೂ ಕಣ್ಣಿನ ರೆಪ್ಪೆ ಮುಚ್ಚುವ ಆಜ್ಞೆ ಬರುವುದು ಏಳನೆಯದರಲ್ಲಿ. ಬಲದ ಐದನೆಯದು ಕೆಟ್ಟಿದ್ದರೆ ಬಲಗಣ್ಣು ಮುಟ್ಟಿದಾಗ ಯಾವ ರೆಪ್ಪೆಯೂ ಮಿಟುಕದು. ಬಲದ ಏಳನೆಯದು ಕೆಟ್ಟಿದ್ದರೆ ಎಡರೆಪ್ಪೆ ಮಾತ್ರ ಮುಚ್ಚುತ್ತದೆ. ‘ಚಾಲಕ’ದಲ್ಲಿ ಚಲನೆಯಷ್ಟೇ ಇದೆ, ಏಳು ಮತ್ತು ಒಂಬತ್ತನೆಯವು ಜೊಲ್ಲು ಸುರಿಸುವ ಗ್ರಂಥಿಗಳಿಗೂ ಆಜ್ಞೆ ಒಯ್ಯುತ್ತವೆ, ಅದು ಈ ಪದದಲ್ಲಿ ಹಿಡಿಸದು.

ಸೇರ್ಪಡೆ: ಮೇಲಿನದೆಲ್ಲ ಒಪ್ಪಿಗೆ. ಎರಡು ಎಚ್ಚರಿಕೆಗಳಿವೆ. ‘ಕಪಾಲ’ವನ್ನು ‘ಕಪಾಳ’ ಎಂದು ಅಚ್ಚಾಗಲು ಬಿಡಬೇಡಿ. ಅದು ಏಟು ತಿನ್ನುವ ಕೆನ್ನೆ, ಇದು ತಲೆಬುರುಡೆ. ಬುರುಡೆಯ ಕಂಡಿಗಳಿಂದ ಹೊರಬೀಳುವುದರಿಂದಲೇ ಈ ನರಗಳಿಗೆ ಆ ಹೆಸರು. ಇನ್ನೊಂದು, ಹತ್ತನೆಯ ‘ವೇಗಸ್’ ನರ. ಲ್ಯಾಟಿನ್ನಿನಲ್ಲಿ ಅಲೆಯುವವನು ಎಂದರ್ಥ. ಕೊರಳು, ಎದೆ ದಾಟಿ ಹೊಟ್ಟೆಯವರೆಗೆ ಅಲೆಯುತ್ತದೆ. ನಮ್ಮ ‘ವೇಗ’ಕ್ಕೂ ಅದಕ್ಕೂ ನಂಟಿಲ್ಲ, ‘ಅಲೆಮಾರಿ ನರ’ ಎನ್ನುವುದೇ ಕ್ಷೇಮ. ಅದು ಹೃದಯದ ಬಡಿತವನ್ನು ನಿಧಾನ ಮಾಡುವ ನರ.