ಹಳೇ ಇಂಡಿಕಾ ಡೀಸೆಲ್: ಬೆಲ್ಟ್ ಹಾಕಿಸಿದ ಮೇಲೆ ಬಿಳಿ ಹೊಗೆ, ಕ್ಯಾಮ್ ಟೈಮಿಂಗ್ ನೋಡೋದು ಹೇಗೆ?

ಮಂಡ್ಯ ಇಂಡಿಕಾ:
ನಮ್ಮದು 2004ರ ಇಂಡಿಕಾ, 1405 ಸಿಸಿ ಡೀಸೆಲ್. ಅಪ್ಪ ಕೊಂಡ ಗಾಡಿ, ಮಾರೋಕೆ ಮನಸ್ಸಿಲ್ಲ. ಹೋದ ವಾರ ಟೈಮಿಂಗ್ ಬೆಲ್ಟ್ (ಪಿಸ್ಟನ್ ಕೂತಿರೋ ಕ್ರ್ಯಾಂಕ್‌ನಿಂದ, ವಾಲ್ವ್ ತೆರೆಯೋ ಕ್ಯಾಮ್ ಮತ್ತು ಡೀಸೆಲ್ ಪಂಪ್ ತಿರುಗಿಸೋ ಹಲ್ಲಿನ ಬೆಲ್ಟ್) ಬದಲಾಯಿಸಿದೆವು. ಆವತ್ತಿಂದ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಒದ್ದಾಡುತ್ತೆ, ಬಿಳಿ ಹೊಗೆ, ಕಣ್ಣುರಿಯೋಷ್ಟು ಡೀಸೆಲ್ ವಾಸನೆ. ಮೈಸೂರಿಗೆ ಹೋಗುವಾಗ ಸಣ್ಣ ಏರಿಗೂ ಮೂರನೇ ಗೇರ್ ಹಾಕಬೇಕು. ಕಟಕಟ ಶಬ್ದ ಮಾತ್ರ ಜಾಸ್ತಿ ಆಗಿಲ್ಲ. ಮೆಕ್ಯಾನಿಕ್ ಕೇಳಿದರೆ ಓಡ್ತಾ ಓಡ್ತಾ ಸರಿಹೋಗುತ್ತೆ ಅಂತಾರೆ. ಒಂದು ಹಲ್ಲು ತಪ್ಪಿದೆಯಾ? ಗ್ಲೋ ಪ್ಲಗ್ (ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆಗೋಕೆ ಬಿಸಿ ಕೊಡೋ ಪ್ಲಗ್) ತೂತಿಗೆ ಸ್ಕ್ರೂಡ್ರೈವರ್ ಬಿಟ್ಟು ಪಿಸ್ಟನ್ ಮೇಲೆ ಬಂದಿದ್ದು ನೋಡಬಹುದಾ?

ಬನ್ನಿಮಂಟಪ ಡೀಸೆಲ್:
ಇದು ಓಡಿಸಿದರೆ ಸರಿಹೋಗೋದಲ್ಲ ಅಣ್ಣ. ದಯವಿಟ್ಟು ಇನ್ನು ಸೆಲ್ಫ್ ಹೊಡೀಬೇಡಿ. ಡೀಸೆಲ್‌ನಲ್ಲಿ ಪಿಸ್ಟನ್ ಹೆಡ್ ಹತ್ತಿರದವರೆಗೂ ಬರುತ್ತೆ, ಬೆಲ್ಟ್ ಇನ್ನೆರಡು ಹಲ್ಲು ಹಾರಿದರೆ ವಾಲ್ವ್ ಬಗ್ಗುತ್ತೆ.

ಸ್ಕ್ರೂಡ್ರೈವರ್ ಬಿಡಬೇಡಿ, ಆ ತೂತಿನ ಕೆಳಗೆ ಇರೋದು ಸಣ್ಣ ಚೇಂಬರ್, ಪಿಸ್ಟನ್ ಅಲ್ಲ. ಗ್ಲೋ ಪ್ಲಗ್ ನಾಲ್ಕೂ ಬಿಚ್ಚಿ, ಆಗ ಕಂಪ್ರೆಷನ್ ಇಲ್ಲದೆ ಸ್ಪ್ಯಾನರ್‌ನಲ್ಲೇ ಹಗುರವಾಗಿ ತಿರುಗುತ್ತೆ. ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಬೋಲ್ಟ್ ಹಿಡಿದು, ಎಂಜಿನ್ ತಿರುಗೋ ದಿಕ್ಕಿಗೇ ತಿರುಗಿಸಿ, ಹಿಂದಕ್ಕೆ ಬೇಡ. ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ತೆಗೆದು ಲೋಬ್ (ವಾಲ್ವ್ ಒತ್ತೋ ಕ್ಯಾಮ್ ಉಬ್ಬು) ನೋಡಿ. ಒಂದನೇ ಸಿಲಿಂಡರ್ ಪಿಸ್ಟನ್ ಗಾಳಿ ಒತ್ತಿ ಪೂರ್ತಿ ಮೇಲೆ ಬಂದಾಗ ಅದರ ಎರಡೂ ಲೋಬ್ ಮೂತಿ ವಾಲ್ವ್‌ನಿಂದ ದೂರ ಇರಬೇಕು, ನಾಲ್ಕನೇದು ತಕ್ಕಡಿ ತರ, ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇರಬೇಕು. ಆ ಹೊತ್ತಿಗೆ ಕ್ರ್ಯಾಂಕ್ ಗುರುತು, ಕ್ಯಾಮ್ ಗುರುತು ಎರಡೂ ಸರಿಯಾಗಿ ಕೂತಿರಬೇಕು. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು, ಅದಕ್ಕೇ ಎರಡು ಸುತ್ತು ಪೂರ್ತಿ ತಿರುಗಿಸಿ ಮತ್ತೆ ನೋಡಿ.

ಹಳೇ ಸ್ಪ್ಯಾನರ್:
ಹೊರಗಿನ ಪುಲ್ಲಿ ಗುರುತು ಮಾತ್ರ ನಂಬಬೇಡಿ. ರಬ್ಬರ್ ಇರೋ ಪುಲ್ಲಿ ಆದರೆ ಹೊರಗಿನ ಬಳೆ ಜಾರಿರುತ್ತೆ. ಇನ್ನೊಂದು, ಕ್ಯಾಮ್ ಸರಿ ಇದ್ದು, ಇಂಜೆಕ್ಷನ್ ಮಾಡೋ ಡೀಸೆಲ್ ಪಂಪ್ ಟೈಮಿಂಗ್ ಹಿಂದೆ ಬಿದ್ದಿದ್ದರೂ ಇದೇ ಬಿಳಿ ಹೊಗೆ ಬರುತ್ತೆ. ಇಂಜೆಕ್ಷನ್ ಬೇಗ ಆದರೆ ಕಟಕಟ ಬಡಿಯುತ್ತೆ, ತಡ ಆದರೆ ಹೊಗೆ, ಪಿಕಪ್ ಇಲ್ಲ. ನೀವು ಹೇಳಿದ್ದು ನೋಡಿದರೆ ನನಗೆ ಪಂಪ್ ಮೇಲೇ ಅನುಮಾನ.

ಮಂಡ್ಯ ಇಂಡಿಕಾ:
ಭಾನುವಾರ ತಮ್ಮನ ಜೊತೆ ಕೂತು ಬಿಚ್ಚಿದೆ. ಕ್ಯಾಮ್ ಸರಿಯಾಗೇ ಇದೆ, ಎರಡು ಸುತ್ತು ತಿರುಗಿಸಿದರೂ ಗುರುತು ಅಲ್ಲಲ್ಲೇ ಬಂತು. ಪಂಪ್ ಪುಲ್ಲಿ ಮೇಲೆ ಗ್ರೀಸ್, ಧೂಳು ಗಟ್ಟಿಯಾಗಿ ಕೂತಿತ್ತು. ಬಟ್ಟೆಯಲ್ಲಿ ಡೀಸೆಲ್ ಅದ್ದಿ ಒರೆಸಿದ ಮೇಲೆ ಸಣ್ಣ ಗೀರು ಕಾಣಿಸಿತು. ಒಂದು ಹಲ್ಲು ಹಿಂದೆ! ನೀವು ಹೇಳಿದ್ದೇ ನಿಜ ಆಯ್ತಣ್ಣ.

ಹಳೇ ಸ್ಪ್ಯಾನರ್:
ಒಳ್ಳೇದಾಯ್ತು, ವಾಲ್ವ್ ಉಳೀತು. ಹಲ್ಲು ಸರಿ ಮಾಡಿ, ಬೆಲ್ಟ್ ಎಳೆದು ಹಿಡಿಯೋ ಟೆನ್ಷನರ್ ಬಿಗಿ ಮಾಡಿ, ಮತ್ತೆ ಕೈಯಲ್ಲೇ ಎರಡು ಸುತ್ತು. ಆಮೇಲೂ ಸ್ವಲ್ಪ ಹೊಗೆ ಉಳಿದರೆ ಪಂಪ್ ಕೆಲಸದವರ ಹತ್ತಿರ ಡಯಲ್ ಗೇಜ್ (ಪಂಪ್ ಟೈಮಿಂಗ್ ಅಳೆಯೋ ಮೀಟರ್) ಹಾಕಿಸಿ ನೋಡಿ.